ಮೊಣಕೈ ಸವೆದ ರೈಡಿಂಗ್ ಜಾಕೆಟ್: ಹೊಲಿಸೋದಾ, ಬಿಸಾಡೋದಾ?

ಪ್ರಶ್ನೆ: ನಾನು ಹಾಸನದವನು. ಆರು ವರ್ಷದ ಹಿಂದೆ ಕೊಂಡ ಮೆಶ್ (ಗಾಳಿಯಾಡುವ ಬಲೆ ಬಟ್ಟೆಯ) ರೈಡಿಂಗ್ ಜಾಕೆಟ್ ಇದೆ. ಈ ಮಳೆಗಾಲದ ಶುರುವಿನಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಒಂದು ತಿರುವಿನಲ್ಲಿ ಬೈಕ್ ಜಾರಿ ಎಡಕ್ಕೆ ಬಿದ್ದೆ. ವೇಗ 30 ಇದ್ದಿರಬಹುದು. ನನಗೆ ಏನೂ ಆಗಲಿಲ್ಲ. ಆದರೆ ಜಾಕೆಟ್ಟಿನ ಎಡ ಮೊಣಕೈ ಮೇಲೆ ಐದು ರೂಪಾಯಿ ನಾಣ್ಯದಷ್ಟು ತೂತಾಗಿದೆ. ಭುಜದ ಹತ್ತಿರ ಎರಡು ಇಂಚು ಹೊಲಿಗೆ ಬಿಟ್ಟಿದೆ. ಮುಂದಿನ ಜಿಪ್ ಹಾಕಿದ ಮೇಲೂ ಮಧ್ಯದಲ್ಲಿ ಬಾಯಿ ಬಿಡುತ್ತದೆ, ಅದು ಹಳೇ ತೊಂದರೆ. ಗ್ಲೌಸಿನ ಅಂಗೈ ಚರ್ಮ ತೆಳುವಾಗಿ ಒಂದು ಕಡೆ ಹರಿದಿದೆ. ಎಡಗಾಲಿನ ಬೂಟಿನ ಸೋಲ್ ಮುಂದುಗಡೆ ಬಿಟ್ಟುಕೊಂಡಿದೆ. ಹೆಲ್ಮೆಟ್ ನೆಲಕ್ಕೆ ತಾಗಿ ಎಡಗಡೆ ಗೀರಾಗಿದೆ, ಬಿರುಕು ಕಾಣಿಸುತ್ತಿಲ್ಲ. ನಮ್ಮ ಏರಿಯಾದ ಟೈಲರ್ 150 ರೂಪಾಯಿಗೆ ರೆಕ್ಸಿನ್ ತೇಪೆ ಹಾಕಿಕೊಡುತ್ತೇನೆ ಅನ್ನುತ್ತಾರೆ. ಗೆಳೆಯರು, ಒಂದು ಸಲ ಬಿದ್ದ ರೈಡಿಂಗ್ ಗೇರ್ (ಜಾಕೆಟ್, ಹೆಲ್ಮೆಟ್ ಇಂಥ ಸಾಮಾನು) ಅಂದರೆ ಮುಗೀತು, ಎಲ್ಲಾ ಬಿಸಾಕು ಅನ್ನುತ್ತಾರೆ. ಎಲ್ಲಾ ಹೊಸದು ತಗೊಂಡರೆ 30,000 ದಾಟುತ್ತೆ. ಮಗಳ ಸ್ಕೂಲ್ ಫೀಸ್ ಕಟ್ಟುವ ಹೊತ್ತು ಬೇರೆ. ಏನು ಮಾಡಲಿ?

ಉತ್ತರ: ನೀವು ಜಾಕೆಟ್ ಹಾಕಿಕೊಂಡಿದ್ದಿರಿ, ಅದಕ್ಕೇ ಇವತ್ತು ಜಾಕೆಟ್ಟಿನ ತೂತಿನ ಬಗ್ಗೆ ಕೇಳುತ್ತಿದ್ದೀರಿ. ಓದಿ ತುಂಬಾ ಸಮಾಧಾನ ಆಯಿತು.

ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. 150 ರೂಪಾಯಿಯಲ್ಲಿ ಮುಗಿಸಿದರೆ ಮುಂದಿನ ಸಲ ಬಿದ್ದಾಗ ಕೈಕೊಡುತ್ತದೇನೋ ಅನ್ನುವ ಭಯ ಒಂದು ಕಡೆ. 30,000 ಖರ್ಚು ಮಾಡಿದರೆ ಸುಮ್ನೆ ಹೆದರಿ ದುಡ್ಡು ಸುರಿದೆನೇನೋ ಅನ್ನುವ ಬೇಸರ ಇನ್ನೊಂದು ಕಡೆ. ಬೆಂಗಳೂರಿನಲ್ಲಿ 14 ವರ್ಷದಿಂದ ಇದೇ ರಿಪೇರಿ ಕೆಲಸ ಮಾಡುತ್ತಿದ್ದೇನೆ, ಅದಕ್ಕೂ ಮೊದಲು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಚೆಕ್ ಮಾಡುತ್ತಿದ್ದೆ. ನಿಮ್ಮ ಪಟ್ಟಿ ನೋಡಿದರೆ ಎರಡು ಸಾಮಾನು ಹೊಸದು ಬೇಕೇ ಬೇಕು, ಮಿಕ್ಕವನ್ನು ಉಳಿಸಿಕೊಳ್ಳುವ ಅವಕಾಶ ಚೆನ್ನಾಗಿಯೇ ಇದೆ.

ನಿಮ್ಮ ಗೆಳೆಯರ ಮಾತು ಹೆಲ್ಮೆಟ್ಟಿಗೆ ಸರಿ, ಬಟ್ಟೆಗೆ ಸರಿಯಲ್ಲ. ಹೆಲ್ಮೆಟ್ ಒಳಗಿನ ಥರ್ಮೋಕೋಲ್ ಪದರ ಒಂದೇ ಏಟಿಗೆ ಮಾಡಿದ್ದು. ಏಟು ಬಿದ್ದಾಗ ಅದು ಜಜ್ಜಿಹೋಗಿ ತಲೆಗೆ ಹೋಗಬೇಕಾದ ಪೆಟ್ಟನ್ನು ತಾನು ತಗೊಳ್ಳುತ್ತದೆ. ಒಮ್ಮೆ ಜಜ್ಜಿದ ಜಾಗ ಮತ್ತೆ ಉಬ್ಬಿ ಬರುವುದಿಲ್ಲ. ಹೊರಗಿನ ಚಿಪ್ಪು ಮಾತ್ರ ಮೊದಲಿನ ಆಕಾರಕ್ಕೆ ಬಂದು ಕೂತುಬಿಡುತ್ತದೆ, ಹಾಗಾಗಿ ಹೊರಗೆ ಒಂದು ಗೀರು ಬಿಟ್ಟರೆ ಏನೂ ಕಾಣುವುದಿಲ್ಲ. ಜಾಕೆಟ್ಟಿನ ಬಟ್ಟೆ ಹಾಗಲ್ಲ. ಎಲ್ಲಿ ಉಜ್ಜಿತೋ ಅಲ್ಲಿ ಸವೆಯುತ್ತದೆ, ಪಕ್ಕದ ಬಟ್ಟೆ ಇದ್ದ ಹಾಗೇ ಇರುತ್ತದೆ.

ಟೈಲರ್ ಮಾತಿನಲ್ಲೂ ಅರ್ಧ ಸತ್ಯ ಇದೆ. ತೇಪೆ ಹಾಕಬಹುದು, ನಿಜ. ಆದರೆ ರೆಕ್ಸಿನ್ ತೇಪೆ ಬೇಡ. ರೆಕ್ಸಿನ್ ಅಂದರೆ ತೆಳು ಬಟ್ಟೆ ಮೇಲೆ ಬಳಿದ ಪ್ಲಾಸ್ಟಿಕ್ ಅಷ್ಟೇ. ನೋಡೋಕೆ ದಪ್ಪ, ಮುಟ್ಟೋಕೆ ಚರ್ಮದ ಹಾಗೆ. ಟಾರ್ ರಸ್ತೆ ಮೇಲೆ ಉಜ್ಜಿದರೆ ಪ್ಲಾಸ್ಟಿಕ್ ಸಿಪ್ಪೆ ಎದ್ದು, ಕೆಳಗಿನ ತೆಳು ಬಟ್ಟೆ ಹೋಗಲು ಹೊತ್ತೇ ಬೇಕಿಲ್ಲ. ಫೆವಿಕ್ವಿಕ್ ಹಾಕುವವರನ್ನೂ ನೋಡಿದ್ದೇನೆ. ಅಂಟು ಗಾಜಿನ ಹಾಗೆ ಗಡುಸಾಗಿ, ಕೈ ಮಡಚಿದಾಗಲೆಲ್ಲ ಅದರ ಅಂಚಿನಲ್ಲೇ ಬಟ್ಟೆ ಸೀಳುತ್ತದೆ. ಇಸ್ತ್ರಿ ಹಾಕಿ ಅಂಟಿಸುವ ತೇಪೆಗಳಿಗೂ ಇಲ್ಲಿ ಕೆಲಸ ಇಲ್ಲ. ಬಿಸಿಗೆ ಅಂಟಿದ್ದು ಉಜ್ಜುವ ಬಿಸಿಗೆ ಬಿಟ್ಟುಕೊಳ್ಳುತ್ತದೆ.

ತೂತು ಎಷ್ಟು ದೊಡ್ಡದು ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ನೋಡುವುದು ಅದು ಎಲ್ಲಿದೆ ಅಂತ. ಯುರೋಪಿನಲ್ಲಿ ಬೈಕ್ ಬಟ್ಟೆಗಳಿಗೆ 2020ರಲ್ಲಿ ಇಎನ್ 17092 ಅನ್ನುವ ಮಾನದಂಡ ಬಂತು. ನಿಮ್ಮ ಜಾಕೆಟ್ ಅದಕ್ಕಿಂತ ಹಳೆಯದಿರಬಹುದು, ಆದರೆ ಅದರ ಯೋಚನೆ ನಮಗೂ ಉಪಯೋಗ. ಮೈಯನ್ನು ಅದು ಮೂರು ವಲಯವಾಗಿ ನೋಡುತ್ತದೆ. ಭುಜ, ಮೊಣಕೈ, ಸೊಂಟದ ಪಕ್ಕ, ಮಂಡಿ, ಇವು ಮೊದಲ ವಲಯ. ಬಿದ್ದಾಗ ಬಟ್ಟೆ ನೆಲಕ್ಕೆ ಹೆಚ್ಚಾಗಿ ಉಜ್ಜುವುದು ಇಲ್ಲೇ. ತೋಳಿನ ಒಳಭಾಗದಂಥ ಜಾಗಗಳು ಕೊನೇ ವಲಯ. ಎಎ ಅನ್ನುವುದು ಆ ಮಾನದಂಡದ ಒಂದು ದರ್ಜೆ. ಆ ದರ್ಜೆಯ ಜಾಕೆಟ್ಟಿನಲ್ಲಿ ಮೊದಲ ವಲಯದ ಬಟ್ಟೆ ಸುಮಾರು 70 ಕಿಲೋಮೀಟರ್ ವೇಗಕ್ಕೆ ಸಮನಾದ ಉಜ್ಜುವ ಪರೀಕ್ಷೆ ದಾಟಬೇಕು, ಕೊನೇ ವಲಯಕ್ಕೆ 25 ಸಾಕು. ಒಂದೇ ಜಾಕೆಟ್ಟಿನಲ್ಲಿ ಇಷ್ಟು ವ್ಯತ್ಯಾಸ. ಹಾಗಾಗಿ ಕಂಕುಳ ಹತ್ತಿರದ ದೊಡ್ಡ ಹರಕನ್ನು ನಾನು ಹೆದರದೆ ಹೊಲಿದುಕೊಡುತ್ತೇನೆ. ಮೊಣಕೈ ಮೇಲಿನ ಸಣ್ಣ ತೂತಿಗೆ ಅರ್ಧ ದಿನ ಕೂರುತ್ತೇನೆ.

ನಿಮ್ಮ ತೂತು ಮೊಣಕೈ ಮೇಲೇ ಇದೆ. ಅದಕ್ಕೇ ಇದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಮೊದಲು ತೂತಿನ ಅಂಚನ್ನು ಬೆರಳಿಂದ ಮುಟ್ಟಿ ನೋಡಿ. ಗಡುಸಾಗಿ, ಸಣ್ಣ ಮಣಿ ಮಣಿಯಾಗಿ ಕೈಗೆ ಸಿಗುತ್ತದೆ ಅಲ್ವಾ? ಅದು ಕರಗಿದ ಪಾಲಿಯೆಸ್ಟರ್. ಈ ನೂಲು ಸುಮಾರು 250 ಡಿಗ್ರಿಗೆ ಕರಗುತ್ತದೆ, ಟಾರ್ ಮೇಲೆ ಜಾರುವಾಗ ಉಜ್ಜುವ ಜಾಗದಲ್ಲಿ ಅಷ್ಟು ಬಿಸಿ ಹುಟ್ಟುತ್ತದೆ. ಆ ಗಡುಸು ಅಂಚಿಗೆ ಹೊಲಿಗೆ ಹಾಕಿದರೆ ನಿಲ್ಲುವುದಿಲ್ಲ, ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಒಳ್ಳೇ ಬಟ್ಟೆ ಸಿಗುವವರೆಗೂ ಅದನ್ನು ಕತ್ತರಿಸಿ ತೆಗೆಯಬೇಕು. ನಾಣ್ಯದಷ್ಟು ತೂತು ಆಗ ಅಂಗೈಯಷ್ಟಾಗುತ್ತದೆ. ಗಾಬರಿ ಬೇಡ, ಅದು ಹಾಗೇ ಆಗಬೇಕು.

ಆಮೇಲೆ ಅಂಚಿನಿಂದ ಒಂದು ಎಳೆ ಎಳೆದು ತೆಗೆದು ಎರಡು ಕೈಯಲ್ಲಿ ಹಿಡಿದು ಜಗ್ಗಿ. ಸ್ವಲ್ಪ ಹಿಗ್ಗಿ ಆಮೇಲೆ ಹರಿದರೆ ಬಟ್ಟೆಗೆ ಜೀವ ಇದೆ. ಒಣಹುಲ್ಲಿನ ಹಾಗೆ ಪುಟ್ ಅಂತ ತುಂಡಾದರೆ ಬಿಸಿಲಿಗೆ ಸತ್ತಿದೆ ಅಂತ ಅರ್ಥ. ಆರು ವರ್ಷದಲ್ಲಿ ಇದು ಆಗಬಹುದು, ಅದರಲ್ಲೂ ಜಾಕೆಟ್ಟನ್ನು ಹೊರಗೆ ನೇತುಹಾಕುವ ಅಭ್ಯಾಸ ಇದ್ದರೆ. ಭುಜದ ಮೇಲೆ ಕಪ್ಪು ಬಣ್ಣ ಕೆಂಪಗೆ ಅಥವಾ ಬೂದಿಯಾಗಿ ತಿರುಗಿದ್ದರೆ ಅಲ್ಲೂ ಎರಡು ಹೆಬ್ಬೆರಳು ಇಟ್ಟು ಬಟ್ಟೆಯನ್ನು ಎರಡು ಕಡೆಗೆ ಜೋರಾಗಿ ಎಳೆದು ನೋಡಿ. ಎಳೆ ಬಿಡಿಸಿಕೊಂಡರೆ ರಿಪೇರಿಗೆ ಒಂದು ರೂಪಾಯಿಯೂ ಹಾಕಬೇಡಿ. ಗಟ್ಟಿ ತೇಪೆ ಹಾಕಿದರೂ ಅದರ ಪಕ್ಕದಲ್ಲೇ ಹರಿಯುತ್ತದೆ. ಈ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಮುಂದಿನ ಮಾತು.

ಶುರುವಿನ ವರ್ಷಗಳಲ್ಲಿ ನಾನೊಂದು ತಪ್ಪು ಮಾಡಿದ್ದೆ. ಒಬ್ಬ ಹುಡುಗನ ಜಾಕೆಟ್ಟಿಗೆ ಮೊಣಕೈ ಮೇಲೆ ಒಳ್ಳೇ ದಪ್ಪ ಬಟ್ಟೆಯ ತೇಪೆ ಇಟ್ಟು, ಸುತ್ತಲೂ ಒಂದು ಸಾಲು ಹೊಲಿಗೆ ಹಾಕಿ ಕೊಟ್ಟೆ. ದಾರ ಮಾಮೂಲಿ ಟೈಲರ್ ದಾರ. ನೋಡೋಕೆ ತುಂಬಾ ಚೆನ್ನಾಗಿತ್ತು. ನಾಲ್ಕು ತಿಂಗಳಿಗೆ ಅವನು ಮತ್ತೆ ಬಿದ್ದ. ಜಾಕೆಟ್ ತಂದು ಟೇಬಲ್ ಮೇಲಿಟ್ಟಾಗ ನನ್ನ ತೇಪೆ ಒಂಚೂರೂ ಹರಿದಿರಲಿಲ್ಲ. ಪುಸ್ತಕದ ಹಾಳೆಯ ಹಾಗೆ ಮೂರು ಕಡೆ ಬಿಚ್ಚಿಕೊಂಡು ನೇತಾಡುತ್ತಿತ್ತು. ರಸ್ತೆ ಮೊದಲು ಮೇಲೆ ಕಾಣುವ ದಾರವನ್ನು ಉಜ್ಜಿ ತೆಗೆದಿತ್ತು, ದಾರ ಹೋದಮೇಲೆ ಬಟ್ಟೆ ಎಷ್ಟು ಗಟ್ಟಿ ಇದ್ದು ಏನು ಪ್ರಯೋಜನ. ಹುಡುಗನ ಮೊಣಕೈ ಚರ್ಮ ಕಿತ್ತುಹೋಗಿತ್ತು. ಆ ಗಾಯ ನಾನು ಮರೆತಿಲ್ಲ. ಅವತ್ತಿನಿಂದ ತೇಪೆಯ ಬಟ್ಟೆಗಿಂತ ಜಾಸ್ತಿ ಯೋಚನೆ ಹೊಲಿಗೆಗೆ ಮಾಡುತ್ತೇನೆ.

ಈಗ ನಾವು ಮಾಡುವುದು ಹೀಗೆ. ಒಳಗಿನ ಲೈನಿಂಗ್ ಬಿಚ್ಚಿ, ಏಟು ತಡೆಯಲು ಇಟ್ಟಿರುವ ಪ್ಯಾಡ್ ಹೊರಗೆ ತೆಗೆದು, ತೋಳಿನ ಉದ್ದದ ಹೊಲಿಗೆಯನ್ನು ಒಂದು ಗೇಣು ಬಿಚ್ಚುತ್ತೇವೆ. ತೂತಿನಷ್ಟೇ ತೇಪೆ ಕತ್ತರಿಸುವುದಿಲ್ಲ. ಈ ಕಡೆ ಹೊಲಿಗೆಯಿಂದ ಆ ಕಡೆ ಹೊಲಿಗೆವರೆಗೆ ಮೊಣಕೈಯನ್ನು ಪೂರ್ತಿ ಸುತ್ತುವ ಒಂದು ತುಂಡು ಇಡುತ್ತೇವೆ. ಬಟ್ಟೆ 1000 ಡೀನಿಯರ್ ಕಾರ್ಡುರಾ, ಅಂದರೆ ಉಜ್ಜಿದರೆ ಬೇಗ ಸವೆಯದ ಗಟ್ಟಿ ನೈಲಾನ್. ಡೀನಿಯರ್ ಅಂದರೆ ನೂಲಿನ ದಪ್ಪದ ಲೆಕ್ಕ. 9 ಕಿಲೋಮೀಟರ್ ನೂಲು ಒಂದು ಕೆಜಿ ತೂಗಿದರೆ ಅದು 1000 ಡೀನಿಯರ್. ಕತ್ತರಿಸಿದ ಅಂಚನ್ನು ಬಿಸಿ ಕಬ್ಬಿಣದಿಂದ ಲೇಸಾಗಿ ಸುಟ್ಟರೆ ಎಳೆ ಬಿಚ್ಚುವುದಿಲ್ಲ. ತುಂಡಿನ ಎರಡು ಪಕ್ಕಗಳು ತೋಳಿನ ಹೊಲಿಗೆಯ ಒಳಗೇ ಸೇರಿಹೋಗುತ್ತವೆ. ಮೇಲಿನ ಮತ್ತು ಕೆಳಗಿನ ಅಂಚನ್ನು ಒಳಕ್ಕೆ ಮಡಚಿ, ಮಡಿಕೆಯ ಅಡಿಯಲ್ಲಿ ಮೊದಲ ಸಾಲು ಹೊಲಿಗೆ, ಅದರ ಮೇಲೆ ಎರಡನೇ ಸಾಲು. ಮೇಲಿನ ಸಾಲು ಉಜ್ಜಿಹೋದರೂ ಒಳಗಿನದು ಹಿಡಿದುಕೊಂಡಿರುತ್ತದೆ.

ನಮ್ಮ ಅಜ್ಜಿ ಗದಗದ ಕಡೆಯವರು, ಕೌದಿ ಹೊಲಿಯುತ್ತಿದ್ದರು. ಹಳೇ ಸೀರೆ, ಧೋತ್ರ ಎಲ್ಲ ಒಂದರ ಮೇಲೊಂದು ಹಾಸಿ, ಈ ತುದಿಯಿಂದ ಆ ತುದಿವರೆಗೆ ಸಾಲು ಸಾಲಾಗಿ ಹೊಲಿಗೆ ಎಳೆಯುತ್ತಿದ್ದರು. ಒಂದು ಎಳೆ ಕಡಿದರೆ ಪಕ್ಕದ ಸಾಲು ಹಿಡಿಯುತ್ತಿತ್ತು. ಒಂದೇ ಸಾಲನ್ನು ನಂಬಬಾರದು ಅನ್ನುವ ಬುದ್ಧಿ ನನಗೆ ಬಂದಿದ್ದು ಅಲ್ಲಿಂದಲೇ ಇರಬೇಕು.

ದಾರದ ವಿಷಯ. ಶರ್ಟ್ ಹೊಲಿಯುವ ದಾರವನ್ನು ಬೆರಳಿಗೆ ಸುತ್ತಿ ಎಳೆದರೆ ಪಟ್ ಅಂತ ತುಂಡಾಗುತ್ತದೆ. ನಮಗೆ ಬೇಕಾದ್ದು ಬಾಂಡೆಡ್ (ಎಳೆಗಳನ್ನು ಲೇಪದಿಂದ ಒಂದಾಗಿ ಹಿಡಿಸಿದ) ನೈಲಾನ್ ಅಥವಾ ಬಾಂಡೆಡ್ ಪಾಲಿಯೆಸ್ಟರ್ ದಾರ, ದಪ್ಪದ ನಂಬರ್ ಟಿಕೆಟ್ 40. ಅದನ್ನು ಹಾಗೆ ಎಳೆದರೆ ಬೆರಳು ಕೊಯ್ಯುತ್ತದೆ, ದಾರ ತುಂಡಾಗುವುದಿಲ್ಲ. ಹತ್ತಿ ದಾರವಂತೂ ಬೇಡವೇ ಬೇಡ, ಬೆವರಿಗೆ ಕೊಳೆಯುತ್ತದೆ. ಹೊಲಿಗೆ ತುಂಬಾ ಒತ್ತಾಗಿಯೂ ಇರಬಾರದು. ಮೂರು ಮಿಲಿಮೀಟರಿಗೆ ಒಂದು ಹೊಲಿಗೆ ಸರಿ. ಅದಕ್ಕಿಂತ ಒತ್ತಾಗಿ ಸೂಜಿ ಹೊಡೆದರೆ, ಅದರಲ್ಲೂ ಚರ್ಮದ ಜಾಕೆಟ್ಟಿಗೆ, ಅಂಚೆ ಚೀಟಿಯ ಹಾಗೆ ತೂತಿನ ಸಾಲಾಗಿ ಅಲ್ಲೇ ಹರಿಯುತ್ತದೆ.

ಹಾಸನದಲ್ಲಿ ಇದನ್ನು ಯಾರು ಮಾಡುತ್ತಾರೆ ಅಂತ ನೀವು ಕೇಳಬಹುದು. ಬಟ್ಟೆ ಟೈಲರ್ ಹತ್ತಿರ ಹೋಗಬೇಡಿ, ಅವರ ಮೆಷಿನ್ನಿಗೆ ಈ ದಪ್ಪ ಆಗುವುದಿಲ್ಲ. ಕಾರ್ ಸೀಟ್, ಬೈಕ್ ಸೀಟ್ ಕವರ್ ಹೊಲಿಯುವವರನ್ನು ಹುಡುಕಿ. ಅವರ ಹತ್ತಿರ ಮೇಲಿನ ಪಾದವೂ ಬಟ್ಟೆಯ ಜೊತೆಗೇ ನಡೆಯುವ ದೊಡ್ಡ ಮೆಷಿನ್ ಇರುತ್ತದೆ, ಬಾಂಡೆಡ್ ದಾರವೂ ಇರುತ್ತದೆ. ಮೇಲೆ ಹೇಳಿದ್ದನ್ನು ಅವರಿಗೆ ಓದಿ ಹೇಳಿ. ಒಳ್ಳೇ ಕೈಯವರು ಥಟ್ಟನೆ ಹಿಡಿದುಕೊಳ್ಳುತ್ತಾರೆ. ಕಾರ್ಡುರಾ ಸಿಗದಿದ್ದರೆ ಹಳೇ ರೈಡಿಂಗ್ ಪ್ಯಾಂಟಿನ ಸವೆಯದ ಭಾಗ, ಅಥವಾ 1.2 ಮಿಲಿಮೀಟರ್ ದಪ್ಪದ ನಿಜವಾದ ದನದ ಚರ್ಮ ನಡೆಯುತ್ತದೆ. ಸ್ಕೂಲ್ ಬ್ಯಾಗಿನ ಬಟ್ಟೆ ಬೇಡ. ಒಂದು ವಿಷಯ ಮುಚ್ಚಿಡುವುದಿಲ್ಲ: ಹೀಗೆ ಬಿಚ್ಚಿ ಹೊಲಿದ ಮೇಲೆ ಆ ಭಾಗಕ್ಕೆ ಒಳಗಿನ ಲೇಬಲ್ಲಿನ ಪ್ರಮಾಣಪತ್ರ ಲೆಕ್ಕಕ್ಕೆ ಬರುವುದಿಲ್ಲ. ಊರು, ಘಾಟಿ, ನಿಮ್ಮ ಥರದ ವೇಗಕ್ಕೆ ನಾನು ಧೈರ್ಯವಾಗಿ ಕೊಡುತ್ತೇನೆ. ಟ್ರ್ಯಾಕ್ ಮೇಲೆ ಓಡಿಸುವವರಿಗೆ ಕೊಡುವುದಿಲ್ಲ.

ಭುಜದ ಬಿಟ್ಟ ಹೊಲಿಗೆ ಇದಕ್ಕಿಂತ ಸುಲಭ. ಬಟ್ಟೆ ಹರಿದಿಲ್ಲ, ದಾರ ಮಾತ್ರ ಹೋಗಿದೆ ಅಂದರೆ ಹಳೇ ತೂತುಗಳಲ್ಲೇ ಹೊಸ ದಾರ ಓಡಿಸಿ, ಬಿಟ್ಟ ಎರಡು ಇಂಚಿಗೆ ಈ ಕಡೆ ಒಂದು, ಆ ಕಡೆ ಒಂದು ಇಂಚು ಸೇರಿಸಿ ಹೊಲಿಸಿ. ಆದರೆ ಇದನ್ನು ಸಣ್ಣದು ಅಂತ ಬಿಡಬೇಡಿ. ನನ್ನ ಟೇಬಲ್ಲಿಗೆ ಬರುವ ಜಾಕೆಟ್ಟುಗಳಲ್ಲಿ ಬಟ್ಟೆ ಚೆನ್ನಾಗಿದ್ದು ಹೊಲಿಗೆ ಬಾಯಿಬಿಟ್ಟವೇ ಜಾಸ್ತಿ.

ಲೈನಿಂಗ್ ಬಿಚ್ಚಿದಾಗ ಪ್ಯಾಡ್ ಇಡುವ ಜೇಬನ್ನೂ ನೋಡಿಸಿ. ಅದರ ಹೊಲಿಗೆ ಬಿಟ್ಟಿದ್ದರೆ ಬೀಳುವ ಹೊತ್ತಿಗೆ ಪ್ಯಾಡ್ ಮೊಣಕೈ ಬಿಟ್ಟು ಪಕ್ಕಕ್ಕೆ ಜಾರಿರುತ್ತದೆ. ಒಳಗಿನ ಹರಕು ಅಂತ ಜನ ಇದನ್ನು ಗಮನಿಸುವುದೇ ಇಲ್ಲ, ಮಾಡಿಸಲು ಐದು ನಿಮಿಷದ ಕೆಲಸ. ಪ್ಯಾಡನ್ನು ಕೈಯಲ್ಲಿ ಹಿಡಿದು ಮಡಚಿ. ಸೀಳು ಬಿದ್ದಿದ್ದರೆ, ಪುಡಿ ಉದುರಿದರೆ, ಗಟ್ಟಿಯಾಗಿ ಮಡಚದೆ ಹೋದರೆ ಬದಲಾಯಿಸಿ. ಪ್ಯಾಡ್ ಬಿಡಿಯಾಗಿ ಸಿಗುತ್ತದೆ. ಮೇಲೆ ಬೈಕ್ ಸವಾರನ ಸಣ್ಣ ಚಿತ್ರ, ಇಎನ್ 1621-1 ಅನ್ನುವ ಗುರುತು, ಮೊಣಕೈಯದಾದರೆ ಇ ಅಕ್ಷರ ಇರಬೇಕು. ಬೆನ್ನಿನ ಜೇಬಿನಲ್ಲಿರುವುದು ಬರೀ ಸ್ಪಂಜಾ ಅಂತಲೂ ಹಾಗೇ ನೋಡಿ. ಎಷ್ಟೋ ಜಾಕೆಟ್ಟುಗಳಲ್ಲಿ ಅಂಗಡಿಯಿಂದಲೇ ಸ್ಪಂಜು ಬರುತ್ತದೆ. ಬೆನ್ನಿನ ಪ್ಯಾಡಿನ ಗುರುತು ಇಎನ್ 1621-2.

ಜಿಪ್ಪಿಗೆ ಹೊಸ ಜಿಪ್ ಬೇಕಾಗಿಲ್ಲ ಅಂತ ನನ್ನ ಅನಿಸಿಕೆ. ಮಧ್ಯದಲ್ಲಿ ಬಾಯಿ ಬಿಡುವುದು ಸಾಮಾನ್ಯವಾಗಿ ರನ್ನರ್ ಸವೆದದ್ದಕ್ಕೆ. ಅದರ ಎರಡು ಪಕ್ಕಗಳು ಅಗಲವಾಗಿ ಹಲ್ಲನ್ನು ಒತ್ತುವುದು ನಿಲ್ಲಿಸಿರುತ್ತವೆ. ರನ್ನರಿನ ಹಿಂದೆ 5, 8, 10 ಹೀಗೆ ನಂಬರ್ ಇರುತ್ತದೆ, ಅದೇ ನಂಬರಿನ, ಅದೇ ಥರದ ರನ್ನರ್ ತಂದು ಹಾಕಿಸಿದರೆ ಮುಗೀತು. ಇಕ್ಕಳದಲ್ಲಿ ಒತ್ತಿ ಸರಿಮಾಡಿದ್ದು ಮನೆ ಸೇರುವವರೆಗೆ ಮಾತ್ರ. ಹಲ್ಲೇ ಉದುರಿದ್ದರೆ ಪೂರ್ತಿ ಜಿಪ್ ಬದಲಾಗಬೇಕು. ಬಿದ್ದು ಜಾರುವಾಗ ಮುಂದಿನ ಜಿಪ್ ತೆರೆದುಕೊಂಡರೆ ಜಾಕೆಟ್ ಎದ್ದು ಮೈ ರಸ್ತೆಗೆ ತಾಗುತ್ತದೆ, ಅದಕ್ಕೆ ಇದನ್ನು ಮುಂದೂಡಬೇಡಿ.

ಬೂಟಿಗೆ ನೀವೇ ಒಂದು ಪರೀಕ್ಷೆ ಮಾಡಿ. ಬಿಟ್ಟುಕೊಂಡ ಕಡೆ ಸೋಲ್ ಅಗಲಿಸಿ ಒಳಗೆ ಉಗುರಿನಿಂದ ಕೆರೆಯಿರಿ. ರಸ್ಕಿನ ಹಾಗೆ ಪುಡಿ ಬಂದರೆ ಅದು ಅಂಟಿನ ದೋಷ ಅಲ್ಲ, ಸೋಲಿನ ಪದಾರ್ಥವೇ ತೇವಕ್ಕೆ ಸತ್ತಿದೆ. ಪಾಲಿಯುರಿಥೇನ್ ಸೋಲಿಗೆ ಹೀಗಾಗುತ್ತದೆ, ಮಲೆನಾಡಿನ ಹವೆಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಇನ್ನೂ ಬೇಗ. ಅಂಥದ್ದಕ್ಕೆ ಎಷ್ಟು ಸೊಲ್ಯೂಷನ್ ಹಾಕಿದರೂ ಪುಡಿಯನ್ನು ಪುಡಿಗೆ ಅಂಟಿಸಿದ ಹಾಗೆ. ಕೆರೆದಾಗ ಗಟ್ಟಿಯಾಗಿ, ನುಣುಪಾಗಿ ಇದ್ದರೆ ಚಪ್ಪಲಿ ರಿಪೇರಿಯವರ ಹತ್ತಿರ ಕೊಡಿ. ಹಳೇ ಅಂಟು ಉಜ್ಜಿ ತೆಗೆದು, ಎರಡೂ ಕಡೆ ಸೊಲ್ಯೂಷನ್ ಬಳಿದು, ಕೈಗೆ ಅಂಟದಷ್ಟು ಒಣಗಿದ ಮೇಲೆ ಬಿಸಿ ತೋರಿಸಿ ಒತ್ತಬೇಕು. ಆಮೇಲೆ ಒಂದು ದಿನ ಹಾಕಿಕೊಳ್ಳಬೇಡಿ. ಸುತ್ತಲೂ ಹೊಲಿಗೆ ಹಾಕಿದರೆ ಇನ್ನೂ ಗಟ್ಟಿ, ಆದರೆ ವಾಟರ್‌ಪ್ರೂಫ್ ಬೂಟಾದರೆ ಸೂಜಿ ತೂತಿನಿಂದ ನೀರು ಬರುತ್ತದೆ. ನಾನಾದರೆ ನೀರು ಬಂದರೂ ಪರವಾಗಿಲ್ಲ ಅಂತ ಹೊಲಿಸುತ್ತೇನೆ. ಎಡಗಾಲಿನ ಸೋಲ್ ಗೇರ್ ಹಾಕುವಾಗ ಲಿವರಿಗೆ ಸಿಕ್ಕಿಕೊಂಡರೆ ಅದು ದೊಡ್ಡ ಅಪಾಯ.

ಇನ್ನು ಬಿಡಬೇಕಾದ ಎರಡು. ಗ್ಲೌಸ್ ಬಿಡಿ. ಬೀಳುವಾಗ ಯಾರೇ ಆದರೂ ಕೈ ಊರುತ್ತಾರೆ, ಅಂಗೈಯೇ ಮೊದಲು ನೆಲಕ್ಕೆ. ಅಲ್ಲಿ ಚರ್ಮ ತೆಳುವಾದ ಮೇಲೆ ಒಳಗಿಂದ ತೇಪೆ ಹಾಕಿದರೆ ಹಿಡಿ ದಪ್ಪವಾಗಿ ಕ್ಲಚ್, ಬ್ರೇಕ್ ಸರಿಯಾಗಿ ಸಿಗುವುದಿಲ್ಲ. ಹೊರಗಿಂದ ಹಾಕಿದರೆ ಅಂಚು ಎದ್ದು ನಿಲ್ಲುತ್ತದೆ. ಬೆರಳಿನ ಪಕ್ಕದ ಹೊಲಿಗೆ ಬಿಟ್ಟಿದ್ದರೆ, ಮಣಿಕಟ್ಟಿನ ವೆಲ್ಕ್ರೋ ಹಿಡಿಯದೆ ಹೋಗಿದ್ದರೆ ಮಾಡಿಕೊಡುತ್ತಿದ್ದೆ. ಹರಿದ ಅಂಗೈಗೆ ನಾನು ಕೆಲಸ ಒಪ್ಪಿಕೊಳ್ಳುವುದೇ ಇಲ್ಲ.

ಹೆಲ್ಮೆಟ್ಟಿನ ಕಾರಣ ಮೇಲೆ ಹೇಳಿದ್ದೇನೆ. ಖಾಲಿ ಹೆಲ್ಮೆಟ್ ಸೀಟಿನಿಂದ ಜಾರಿ ಬಿದ್ದಿದ್ದರೆ ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ, ಒಳಗೆ ತಲೆಯ ಭಾರ ಇರುವುದಿಲ್ಲ. ನಿಮ್ಮದು ತಲೆ ಮೇಲಿದ್ದಾಗ ನೆಲಕ್ಕೆ ತಾಗಿದೆ. ಪಾಲಿಶ್ ಹೊಡೆಸಬೇಡಿ, ಸ್ಟಿಕ್ಕರ್ ಹಚ್ಚಿ ಗೀರು ಮುಚ್ಚಬೇಡಿ, ಪೆಟ್ರೋಲಿನಲ್ಲಿ ಒರೆಸಲೇಬೇಡಿ. ಏಟು ಬೀಳದಿದ್ದರೂ 5 ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಹೆಲ್ಮೆಟ್ ಪರೀಕ್ಷೆ ಮಾಡುವ ಅಮೆರಿಕದ ಸ್ನೆಲ್ ಸಂಸ್ಥೆ ಹೇಳುತ್ತದೆ. ಹೊಸದು ಕೊಳ್ಳುವಾಗ ಐಎಸ್ಐ ಗುರುತಿನ ಜೊತೆ ಐಎಸ್ 4151 ಅಂತ ಇದೆಯಾ ನೋಡಿ. ಹಳೆಯದನ್ನು ಯಾರಿಗೂ ದಾನ ಮಾಡಬೇಡಿ. ಪಟ್ಟಿ ಕತ್ತರಿಸಿ ಬಿಸಾಡಿ, ಇಲ್ಲದಿದ್ದರೆ ಇನ್ಯಾರೋ ಹಾಕಿಕೊಂಡು ಹೋಗುತ್ತಾರೆ.

ದುಡ್ಡಿನ ಲೆಕ್ಕ ಹೀಗೆ ಮಾಡಿಕೊಳ್ಳಿ. ಈ ತಿಂಗಳು ಹೆಲ್ಮೆಟ್, ಅದು ಬರುವವರೆಗೆ ಬೈಕ್ ಬೇಡ. ಗ್ಲೌಸ್ ಅದರ ಜೊತೆಗೇ ಅಥವಾ ಮುಂದಿನ ಸಂಬಳಕ್ಕೆ. ಜಾಕೆಟ್ಟಿನ ಮೊಣಕೈ, ಭುಜ, ರನ್ನರ್ ಎಲ್ಲ ಸೇರಿ ನಮ್ಮಲ್ಲಾದರೆ 1,500 ರೂಪಾಯಿ ಒಳಗೆ ಮುಗಿಯುತ್ತಿತ್ತು, ನಿಮ್ಮೂರಲ್ಲಿ ಇನ್ನೂ ಕಡಿಮೆ ಆಗಬಹುದು. ಬಲ ಮೊಣಕೈಗೂ ಈಗಲೇ ಒಂದು ತುಂಡು ಹಾಕಿಸಿಬಿಡಿ. ಅದು ಹರಿದಿಲ್ಲ, ಆದರೆ ಆರು ವರ್ಷ ಸವೆದಿದೆ. ತೋಳಿನೊಳಗೆ ಮೊಬೈಲ್ ಟಾರ್ಚ್ ಹಾಕಿ ನೋಡಿ, ಎಲ್ಲಿ ಬೆಳಕು ಜಾಸ್ತಿ ಬರುತ್ತದೋ ಅಲ್ಲಿ ಬಟ್ಟೆ ತೆಳುವಾಗಿದೆ.

ಕೊಡುವ ಮುಂಚೆ ಪ್ಯಾಡುಗಳನ್ನೆಲ್ಲ ತೆಗೆದು ಜಾಕೆಟ್ಟನ್ನು ತಣ್ಣೀರಿನಲ್ಲಿ ಕೈಯಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿ. ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಕಂಡಿಷನರ್ ಬೇಡ. ಮಣ್ಣು, ಮರಳಿನ ಕಣ ಒಳಗಿದ್ದರೆ ಸೂಜಿ ಮುರಿಯುತ್ತದೆ, ಹೊಸ ಹೊಲಿಗೆಯನ್ನೂ ಒಳಗಿಂದಲೇ ಕೊಯ್ಯುತ್ತದೆ. ವಾಪಸ್ ತಗೊಳ್ಳುವಾಗ ಅಂಗಡಿಯಲ್ಲೇ ಪ್ಯಾಡ್ ಹಾಕಿ, ಜಾಕೆಟ್ ತೊಟ್ಟು, ಬೈಕ್ ಮೇಲೆ ಕೂತು ಹ್ಯಾಂಡಲ್ ಹಿಡಿಯಿರಿ. ಮೊಣಕೈ ಮಡಚಿದಾಗ ತೇಪೆ ಬಿಗಿಯಬಾರದು, ಪ್ಯಾಡ್ ಮೂಳೆಯ ಮೇಲೇ ಕೂತಿರಬೇಕು. ಆಮೇಲೆ ಹೊಸ ಹೊಲಿಗೆಯ ಎರಡೂ ಕಡೆ ಹೆಬ್ಬೆರಳಿಟ್ಟು ಜೋರಾಗಿ ಎಳೆದು ನೋಡಿ. ನಡುವೆ ದಾರ ಹಲ್ಲಿನ ಹಾಗೆ ಕಿರಿದು ಕಂಡರೆ ಹೊಲಿಗೆ ಸಡಿಲ ಇದೆ, ಅಲ್ಲೇ ಬಿಚ್ಚಿ ಇನ್ನೊಂದು ಸಲ ಹೊಲಿಸಿ.